ಹಿಂದಿನ ಸೀಟಿನ ಒಬ್ಬರಿಗಾಗಿ ಹೊರಡುವ ಬಸ್ಸು

ಬೀರ್ ತಲ್ಹ್ ಎಂಬ ನಮ್ಮೂರಿನಲ್ಲಿ ಸೂರ್ಯ ತಾನಾಗಿ ಏಳುವವನಲ್ಲ. ಡ್ರೈವರ್ ಅಬು ಮುಸ್ಲಿಹ್ ಅವರ ಬಸ್ಸಿನ ಹಾರನ್ನಿಗೆ ಬೆಚ್ಚಿಬಿದ್ದು ಏಳುತ್ತಾನೆ. ಆ ಸದ್ದಿಗೆ ಸೌದಿ ಗಡಿಯಾಚೆಯ ಒಂಟೆಗಳು ಹಾಲು ಕೊಡುವುದನ್ನೇ ಮರೆತದ್ದುಂಟು. ನಂಬದವರು ಹೋಗಿ ಒಂಟೆಗಳನ್ನೇ ಕೇಳಲಿ. ಈ ಮುಂಜಾವಿನಲ್ಲೂ ಅವರು ಮಸೀದಿಯ ಗೋಡೆಯ ಪಕ್ಕ ಬಸ್ಸು ನಿಲ್ಲಿಸಿಕೊಂಡು, ಗಾಳಿ ತಂದು ಸುರಿದ ಮರಳನ್ನು ಸೀಟುಗಳಿಂದ ಗುಡಿಸುತ್ತಿದ್ದಾರೆ. ಅವರು ಗುಡಿಸಿ ಹಾಕಿದ ಮರಳಲ್ಲಿ ಜೋರ್ಡನ್ನಿಗೆ ಇನ್ನೊಂದು ಮರುಭೂಮಿ ಮಾಡಿಕೊಡಬಹುದು. ಯಾರೂ ಕೂರದ ಸೀಟುಗಳನ್ನೂ ಬಿಡುವುದಿಲ್ಲ. ಹಾಗೆ ನೋಡಿದರೆ, ಬಸ್ಸಿನ ತುಂಬ ಇರುವುದು ಯಾರೂ ಕೂರದ ಸೀಟುಗಳೇ.

ಕೋಲೂರಿಕೊಂಡು ಉಮ್ಮ್ ಖಲಫ್ ಬರುತ್ತಾರೆ. ಬಾಗಿಲಲ್ಲಿ ನಿಂತು ಎಂದಿನ ಪ್ರಶ್ನೆ ಕೇಳುತ್ತಾರೆ: “ಸೀಟಿದೆಯೇನಪ್ಪಾ, ಅಬು ಮುಸ್ಲಿಹ್?”

ಅಬು ಮುಸ್ಲಿಹ್ ಖಾಲಿ ಬಸ್ಸನ್ನು ಈ ತುದಿಯಿಂದ ಆ ತುದಿಯವರೆಗೆ ಗಂಭೀರವಾಗಿ ನೋಡುತ್ತಾರೆ. “ಒಂದೇ ಒಂದು ಉಳಿದಿದೆ ಹಜ್ಜಾ. ಬೇಗ ಹತ್ತು.”

ವಯಸ್ಸಾದ ಹೆಂಗಸರನ್ನು ನಮ್ಮಲ್ಲಿ ಹಜ್ಜಾ ಎಂದೇ ಕರೆಯುವುದು. ಅಜ್ಜಿ ಹಿಂದಿನ ಸೀಟಿಗೇ ಹೋಗುತ್ತಾರೆ. ಮುಂದಿನವು ಗಂಡಸರವು. ಗಂಡಸರು ಈ ಬಸ್ಸು ಹತ್ತದೆ ಯಾವ ಕಾಲವಾಯಿತೋ, ಜಾಗ ಮಾತ್ರ ಇನ್ನೂ ಅವರದೇ. ಹೀಗಾಗಿ ಇಡೀ ಬಸ್ಸಿಗೆ ಇರುವ ಇಬ್ಬರು ಮಆನ್ ಪಟ್ಟಣದವರೆಗೂ ಕಿರುಚಿಕೊಂಡೇ ಮಾತಾಡುತ್ತಾರೆ.

“ಮೆಲ್ಲಗೆ ಹೋಗೋ! ಕಿಡ್ನಿ ಹೋಗಿದ್ದು ಸಾಲ್ದೂಂತ ಸೊಂಟಾನೂ ಮುರೀತೀಯಾ?”

“ಗುಂಡಿ ನಾನು ತೋಡಿದ್ನಾ ಹಜ್ಜಾ?”

“ತೋಡಿಲ್ಲ. ಹುಡುಕ್ಕೊಂಡ್ ಹೋಗಿ ಇಳಿಸ್ತೀಯ!”

ಅಜ್ಜಿಯ ರಕ್ತ ಶುದ್ಧಿ ಮಾಡುವ ಯಂತ್ರ ಇರುವುದು ಮಆನ್ ಆಸ್ಪತ್ರೆಯಲ್ಲಿ. ವಾರಕ್ಕೆ ಮೂರು ಸಲ ಹೋಗದಿದ್ದರೆ ಅವರಿಗೆ ಉಳಿಗಾಲವಿಲ್ಲ. ಮಗ ಖಲಫ್ ತೀರಿಕೊಂಡು ವರ್ಷಗಳಾಗಿವೆ. ನೆರೆಯವರು ತಮ್ಮ ಗಾಡಿಯಲ್ಲಿ ಕರೆದೊಯ್ಯಲು ತಯಾರಿದ್ದರು, ಅಜ್ಜಿಯೇ ಒಲ್ಲೆ ಎಂದರು. “ಒಂದಿನದ ಉಪಕಾರ ತಗೋಬಹುದು. ಸಾಯೋತನಕದ್ದು ಯಾರು ಹೊರ್ತಾರೆ? ಬಸ್ಸಾದ್ರೆ ನನ್ ದುಡ್ಡು, ನನ್ ಸೀಟು.” ಆದರೆ ನಮ್ಮ ಬಸ್ಸುಗಳ ಧರ್ಮ ಬೇರೆ. ತುಂಬಿದರೆ ಹೊರಡುವುದು, ತುಂಬದಿದ್ದರೆ ನಿಲ್ಲುವುದು.

ಒಂದು ಕಾಲದಲ್ಲಿ ಈ ಬಸ್ಸು ಎಷ್ಟು ತುಂಬುತ್ತಿತ್ತೆಂದರೆ, ಒಳಗೆ ಒಬ್ಬ ಸೀನಿದರೆ ಕಿಟಕಿಯಿಂದ ಇನ್ನೊಬ್ಬ ಹೊರಗೆ ಬೀಳುತ್ತಿದ್ದ. ಹೆಂಗಸೊಬ್ಬಳು ಹತ್ತಿದರೆ ಪರಗಂಡಸಿನ ಪಕ್ಕ ಕೂರಿಸುವಂತಿಲ್ಲ. ಅಬು ಮುಸ್ಲಿಹ್ ಕನ್ನಡಿ ನೋಡಿಕೊಂಡೇ ಆಜ್ಞೆ ಹೊರಡಿಸುತ್ತಿದ್ದರು: “ಏ ಮೀಸೆ, ಏಳು! ಹೋಗಿ ನಿಮ್ ಮಾವನ ಪಕ್ಕ ಕೂತ್ಕೋ. ಮುನಿಸು ಮನೇಲಿಟ್ಕೋ.” ಅವಳೊಬ್ಬಳು ಕೂರುವಷ್ಟರಲ್ಲಿ ಬಸ್ಸಿನ ಗಂಡಸರೆಲ್ಲ ಎದ್ದು, ತಿರುಗಿ, ಹೊಸದಾಗಿ ಕೂತಿರುತ್ತಿದ್ದರು. ಯಾವ ಸೇನಾಪತಿಯೂ ಸೈನ್ಯವನ್ನು ಹಾಗೆ ಕುಣಿಸಿರಲಿಕ್ಕಿಲ್ಲ. ಈಗ ಮನೆಗೊಂದು ಗಾಡಿ. ಉಳಿದವರು ಅಕಬಾ ಬಂದರಿನ ಕೆಲಸಕ್ಕೆ ಹೋದರು.

ಹೋದ ಚಳಿಗಾಲದಲ್ಲಿ ಬಸ್ಸಿನ ಮಾಲೀಕ ಅಬು ರಾಕಾನ್, ಇನ್ನು ಬಸ್ಸು ಅಕಬಾ ದಾರಿಗೆ ಎಂದು ಹೇಳಿಕಳಿಸಿದರು. ಅಬು ಮುಸ್ಲಿಹ್ ಮಾಲೀಕರ ಮನೆಗೆ ಹೋದರು. ಹಿರಿಯರು ತುಂಬಿದ ಪಡಸಾಲೆ. ಕಾಫಿ ಕೊಟ್ಟರು. ಇವರು ಕುಡಿಯದೆ ಬಟ್ಟಲನ್ನು ನೆಲದ ಮೇಲಿಟ್ಟರು. ನಮ್ಮಲ್ಲಿ ಅತಿಥಿ ಹಾಗೆ ಇಟ್ಟನೆಂದರೆ ಏನೋ ಬೇಡಲು ಬಂದಿದ್ದಾನೆಂದೇ ಅರ್ಥ. ಬರಿಗೈಲಿ ಎದ್ದು ಹೋದರೆ ಮನೆಯ ಮಾನ ಅವನ ಜತೆಗೇ ಹೋಗುತ್ತದೆ.

ಮಾಲೀಕರು ನಕ್ಕರು. “ಕುಡಿ ಮಾರಾಯ, ಕೇಳಿದ್ದು ಕೊಟ್ಟೆ. ಸಂಬಳ ತಾನೇ?”

ಇವರು ಕೊನೆಯ ಗುಟುಕಿನವರೆಗೆ ಕುಡಿದರು. ಆಮೇಲೆ ಹೇಳಿದರು: “ಸಂಬಳ ಅಲ್ಲ. ಹಜ್ಜಾ ಆಸ್ಪತ್ರೆಗೆ ಹೋಗೋ ದಿನ ಬಸ್ಸು ಖಾಲಿ ಇದ್ರೂ ಹೊರಡ್ಬೇಕು.”

ಮಾಲೀಕರ ಮುಖ ಹುಳ್ಳಗಾದ ರಭಸಕ್ಕೆ ತಟ್ಟೆಯ ಖರ್ಜೂರವೂ ಹುಳಿಯಾಯಿತಂತೆ. ಆದರೆ ಕೊಟ್ಟ ಮಾತು, ಕುಡಿದ ಕಾಫಿ ವಾಪಸು ಬರುವುದಿಲ್ಲ. “ಆಯ್ತು. ಡೀಸೆಲ್ ನಿಂದು. ಹಜ್ಜಾ ಹೋಗೋದು ನಿಂತ ದಿನ ಬಸ್ಸು ಅಕಬಾಕ್ಕೆ,” ಎಂದರು. ಅಂದಿನಿಂದ ಅಬು ಮುಸ್ಲಿಹ್ ಅವರ ಮೇಕೆಗಳು ಒಂದೊಂದಾಗಿ ಡೀಸೆಲ್ ಆಗುತ್ತಿವೆ.

“ನಾನು ಸತ್ರೆ ನಿನ್ ಬಸ್ ಹೋಗುತ್ತೆ ಕಣೋ,” ಎಂದು ಅಜ್ಜಿ ಹಿಂದಿನಿಂದ ಕೂಗುತ್ತಾರೆ.

“ಅದಕ್ಕೇ ಸಾಯ್ಬೇಡ ಅನ್ನೋದು!”

“ಸ್ವಾರ್ಥಿ!”

ಮಧ್ಯಾಹ್ನದ ವಾಪಸು ದಾರಿಯಲ್ಲಿ ಈ ಜಗಳವಿಲ್ಲ. ಯಂತ್ರ ಅಜ್ಜಿಯ ದನಿಯನ್ನೂ ಹೀರಿಕೊಂಡಿರುತ್ತದೆ. ಎರಡೂ ಕಡೆ ಬೋಳು ಬಯಲು, ನಡುವೆ ಕಪ್ಪು ಟಾರು, ಒಳಗೆ ಸಡಿಲ ಕಿಟಕಿಗಳ ಗಡಗಡ. ಅಬು ಮುಸ್ಲಿಹ್ ಖಾಲಿ ಸೀಟುಗಳನ್ನು ಹಳೆಯ ಪ್ರಯಾಣಿಕರ ಹೆಸರು ಹಿಡಿದು ಗದರಿಸುತ್ತಾರೆ: “ಏ ಫ್ರೇಹ್, ಕಾಲು ಒಳಗಿಟ್ಕೋ!” ಸ್ವಲ್ಪ ಹೊತ್ತಿಗೆ ಅದೂ ಸಾಕಾಗುತ್ತದೆ. ಕನ್ನಡಿಯಲ್ಲಿ ಕಪ್ಪು ಬಟ್ಟೆಯ ಮುದ್ದೆಯೊಂದು ಕಾಣುತ್ತದೆ, ಅಲುಗುವುದಿಲ್ಲ.

“ಹಜ್ಜಾ, ಇದೀಯಾ?”

ಅಬು ಮುಸ್ಲಿಹ್ ಅವರ ಕಾಲು ಬ್ರೇಕಿನ ಮೇಲೆ ಹೋಗುತ್ತದೆ. ಆಗ ಹಿಂದಿನಿಂದ ಕೋಲು ನೆಲಕ್ಕೆ ಒಮ್ಮೆ ಕುಟ್ಟುತ್ತದೆ. ಟಕ್. ಬಸ್ಸು ಮತ್ತೆ ವೇಗ ಹಿಡಿಯುತ್ತದೆ.

ಆಸೆ ಏನಾದರೂ ಇದೆಯೇ ಎಂದರೆ ಅಬು ಮುಸ್ಲಿಹ್ ರಸ್ತೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ: “ಒಂದಿನ ಬಸ್ಸು ತುಂಬ್ಬೇಕು. ಹಜ್ಜಾ ಬಂದು ಸೀಟಿದೆಯಾ ಅಂದಾಗ ‘ಇಲ್ಲ’ ಅನ್ಬೇಕು.” ಕನ್ನಡಿ ಸರಿಮಾಡಿಕೊಳ್ಳುತ್ತಾರೆ. “ಆಮೇಲೆ ಒಬ್ಬ ಮೀಸೆಯವನನ್ನ ಎಬ್ಬಿಸಿ, ಅವಳನ್ನ ಕೂರಿಸ್ಬೇಕು.”