ಸುಟ್ಟ ನೆಲದ ಮೇಲೆ ನಿಂತ ಮೇಷ್ಟ್ರು

ಸೈಕಾಡ್ ಸಸ್ಯಗಳನ್ನು ಕುರಿತು ನಮ್ಮಲ್ಲಿ ಯಾರೇ ಒಂದು ಸಾಲು ಬರೆಯಹೊರಟರೂ ಮೊದಲು ಬಿಚ್ಚಬೇಕಾದದ್ದು ಮೇಷ್ಟ್ರ ಟಿಪ್ಪಣಿ ಪುಸ್ತಕಗಳನ್ನು. ನೋಡಲು ಈಚಲಿನಂತಿದ್ದೂ ಈಚಲಲ್ಲದ, ಹೂವಿನ ಬದಲು ತೆನೆಯಂಥ ಶಂಕುಗಳನ್ನು ಬಿಡುವ, ಗಂಡು ಹೆಣ್ಣುಗಳು ಬೇರೆ ಬೇರೆ ಮರಗಳಾಗಿಯೇ ಬೆಳೆಯುವ ಈ ಸಸ್ಯಗಳು ಡೈನೋಸಾರ್‌ಗಳ ಕಾಲದಿಂದ ಬದಲಾಗದೆ ನಿಂತಿವೆ ಎಂದೇ ಬಹುಮಂದಿ ತಿಳಿದಿದ್ದಾರೆ. ಕುಲ ಹಳೆಯದು, ಆದರೆ ಇಂದಿನ ಜಾತಿಗಳು ಹೊಸವು, ನೆಲದ ಏರಿಳಿತವೂ ಮಳೆಯ ತಿಂಗಳುಗಳೂ ಅವುಗಳನ್ನು ಈಗಲೂ ತಿದ್ದುತ್ತಿವೆ ಎಂಬುದನ್ನು ಒಂದೇ ಕಣಿವೆಯಲ್ಲಿ ಮೂವತ್ತೊಂದು ವರ್ಷ ನಡೆದಾಡಿ ಸಾಧಿಸಿ ತೋರಿಸಿದವರು ಅವರು.

ಆ ಕಣಿವೆಗೆ ಎರಡು ಮಗ್ಗುಲು. ಒಂದರ ಮೇಲೆ ಬೆಳಗಾದರೆ ಮಂಜು. ಅಲ್ಲಿಯ ಸೈಕಾಡ್‌ಗಳಿಗೆ ಅಗಲವಾದ, ತೆಳ್ಳನೆಯ ಎಲೆ. ಇನ್ನೊಂದರ ಮೇಲೆ ಇಡೀ ದಿನ ಬಿಸಿಲು. ಅಲ್ಲಿಯ ಎಲೆ ಕಿರಿದು, ಗಡುಸು, ಮೇಣ ಬಳಿದಂತೆ ನೀಲಿ. ಮಂಜಿನ ಮಗ್ಗುಲಿನ ಶಂಕುಗಳು ಬಲಿಯುವ ತಿಂಗಳು ಬೇರೆ, ಬಿಸಿಲಿನವು ಬಲಿಯುವ ತಿಂಗಳು ಬೇರೆ. ಪರಾಗ ಹೊರುವ ಸಣ್ಣ ಮೂತಿಹುಳು ನಡುವಿನ ಕಾದ ಹಳ್ಳವನ್ನು ದಾಟಲಾರದು. ಕೂಗಿದರೆ ಕೇಳಿಸುವಷ್ಟು ಹತ್ತಿರವಿದ್ದೂ ಲಕ್ಷಾಂತರ ವರ್ಷ ಮಾತುಕತೆಯಿಲ್ಲದ ದಾಯಾದಿಗಳಂತೆ ಅವು ಎರಡು ಜಾತಿಗಳಾಗಿ ಹೋದವು ಎಂಬುದು ಮೇಷ್ಟ್ರ ಸಂಶೋಧನೆಯ ತಿರುಳು.

ಅವರು ಕೆಲಸ ಮಾಡುತ್ತಿದ್ದ ಸಸ್ಯೋದ್ಯಾನದ ಕಚೇರಿಯಲ್ಲಿ ಅವರ ಬೆನ್ನ ಹಿಂದೆ ಓಡಾಡುತ್ತಿದ್ದ ಹೆಸರು 'ಪುಕ್ಕಲು ಮೇಷ್ಟ್ರು.' ಒಂದು ತುಂಡು ಮೋಡ ಕಂಡರೆ ಜೀಪು ಹಿಂದಕ್ಕೆ ತಿರುಗಿಸುವವರು, ಹಗ್ಗವನ್ನು ಮೂರು ಸಲ ಎಳೆದು ನೋಡುವವರು. ಅವರ ಕೈಕೆಳಗೆ ಸಂಶೋಧನೆಗೆ ಸೇರಿದ ಶಿಷ್ಯೆಯೂ ಮೊದಲ ಆರು ತಿಂಗಳು ಆ ನಗೆಯಲ್ಲಿ ಪಾಲುಗೊಂಡವಳೇ. ಅವಳಿಗೆ ಜ್ವರ ಬಂದಾಗ ದಿನಾ ಗಂಜಿಯ ಡಬ್ಬಿ ಹಿಡಿದು ಹಾಸ್ಟೆಲಿನ ಬಾಗಿಲಿಗೆ ಬಂದು ನಿಲ್ಲುತ್ತಿದ್ದವರು ಅವರೆಂಬುದೂ ಆ ನಗೆಯನ್ನು ನಿಲ್ಲಿಸಿರಲಿಲ್ಲ.

ನಿಂತದ್ದು ಅವರ ಸೇವೆಯ ಹದಿನಾಲ್ಕನೆಯ ವರ್ಷದ ಬೇಸಿಗೆಯಲ್ಲಿ.

ಅಂದು ಮೇಷ್ಟ್ರು, ಶಿಷ್ಯೆ ಮತ್ತು ಬೆಟ್ಟದ ಕಾವಲುಗಾರ, ಮೂವರೇ ಮಂಜಿನ ಮಗ್ಗುಲಿನ ನಡುಮಧ್ಯದಲ್ಲಿದ್ದರು. ಬೆಳಿಗ್ಗೆಯೇ ಎದುರು ಮಗ್ಗುಲಿನ ಹುಲ್ಲಿಗೆ ಬೆಂಕಿ ಬಿದ್ದು, ಸರಸರನೆ ಉರಿದು, ಆರಿಹೋಗಿತ್ತು. ಮೇಷ್ಟ್ರು ಹೊರಡೋಣವೆಂದು ಚೀಲ ಕಟ್ಟುತ್ತಿದ್ದಂತೆಯೇ ಗಾಳಿ ತಿರುಗಿತು. ಹಾರಿಬಂದ ಕಿಡಿಗಳು ಅವರ ಕೆಳಗಿನ ಒಣ ತರಗೆಲೆಯ ರಾಶಿಯನ್ನು ಹಿಡಿದವು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೊಗೆ ಎದೆಮಟ್ಟಕ್ಕೆ ಬಂದಿತ್ತು.

"ಮೇಲಕ್ಕೆ ಓಡಿ!" ಎಂದ ಕಾವಲುಗಾರ. ಶಿಷ್ಯೆ ಆಗಲೇ ಎರಡು ಹೆಜ್ಜೆ ಏರಿದ್ದಳು.

ಮೇಷ್ಟ್ರು ಅವಳ ಮಣಿಕಟ್ಟು ಹಿಡಿದರು. "ಬೇಡ. ಏರಿನಲ್ಲಿ ಬೆಂಕಿ ನಮಗಿಂತ ಜೋರಾಗಿ ಓಡುತ್ತೆ. ಕೆಳಗಿಳಿದು ಹಳ್ಳ ದಾಟಿ ಆ ಕಡೆ ಹೋಗೋಣ."

"ಬೆಂಕಿ ಇರೋ ಕಡೆಗೇ ಹೋಗೋದಾ ಸಾರ್?" ಎಂದಳು ಶಿಷ್ಯೆ.

"ಅಲ್ಲಿ ಸುಟ್ಟು ಮುಗಿದಿದೆ, ಇನ್ನು ಸುಡೋಕೆ ಏನೂ ಉಳಿದಿಲ್ಲ. ಆ ಮರಗಳಿಗೆ ಬೆಂಕಿ ಹೊಸದಲ್ಲ. ಅಲ್ಲಿ ಅದು ಬರುತ್ತೆ, ಹೋಗುತ್ತೆ. ಇಲ್ಲಿ ಬಂದ್ರೆ ಮೂರು ದಿನ ಕೂತು ತಿನ್ನುತ್ತೆ."

ತಮ್ಮ ಹೆದರಿಕೆಯನ್ನು ಅವರು ಮುಚ್ಚಿಡಲಿಲ್ಲ. "ನಂಗೂ ಭಯ ಆಗ್ತಿದೆ ಕಣಮ್ಮ. ಭಯ ಆದ್ರೆ ಆಗ್ಲಿ, ಕಾಲು ಮಾತ್ರ ನಿಲ್ಲಬಾರದು."

ಉರಿಯ ಅಂಚಿಗೂ ಬಂಡೆಗೂ ನಡುವಿನ ಕಿರುದಾರಿಯಲ್ಲಿ ಮೂವರೂ ಜಾರಿದರು. ಹತ್ತು ಹೆಜ್ಜೆಗೊಮ್ಮೆ ಮೇಷ್ಟ್ರು "ಇದ್ದೀರಾ?" ಎನ್ನುವುದು, ಇವಳೂ ಹಿಂದಿದ್ದ ಕಾವಲುಗಾರನೂ "ಇದ್ದೀನಿ" ಎನ್ನುವುದು. ಹಳ್ಳದ ಕಲ್ಲುಗಳು ಕಾಲಿಗೆ ಸಿಕ್ಕಾಗ ಅವರು ಮತ್ತೊಮ್ಮೆ ಕೇಳಿದರು. ಒಂದೇ ದನಿ ಉತ್ತರಿಸಿತು.

"ಅಣ್ಣಾ!" ಎಂದು ಶಿಷ್ಯೆ ಕಾವಲುಗಾರನನ್ನು ಕೂಗಿದಳು. ಚಟಚಟ ಸದ್ದು ಬಿಟ್ಟರೆ ಏನಿಲ್ಲ.

"ನೀನು ದಾಟು. ಕಪ್ಪು ನೆಲ ಸಿಗೋವರೆಗೂ ತಿರುಗಿ ನೋಡಬೇಡ," ಎಂದು ಹೇಳಿ, ಒಂದು ತುಂಡು ಮೋಡಕ್ಕೆ ಜೀಪು ತಿರುಗಿಸುತ್ತಿದ್ದ ಆ ಮನುಷ್ಯ ಹೊಗೆಯೊಳಕ್ಕೆ ವಾಪಸು ನಡೆದರು.

ಅವಳು ದಾಟಿದಳು. ಬೂದಿಯ ಮೇಲೆ ನಿಂತಳು. ಚಪ್ಪಲಿಯ ಅಡಿ ಮೆತ್ತಗಾಗುತ್ತಿತ್ತು. ಸುತ್ತಲಿನ ಸೈಕಾಡ್‌ಗಳ ಎಲೆಗಳೆಲ್ಲ ಕರಕಲು, ಕಾಂಡಗಳು ಮಾತ್ರ ಗಟ್ಟಿಯಾಗಿ ನಿಂತಿದ್ದವು. ಎಷ್ಟು ಹೊತ್ತಾಯಿತೆಂಬುದು ಅವಳಿಗೆ ಇಂದಿಗೂ ಗೊತ್ತಿಲ್ಲ. ಇನ್ನು ಮುಂದೆ ಈ ಲೋಕದಲ್ಲಿ ತಾನೊಬ್ಬಳೇ ಎನ್ನಿಸಿತ್ತು. ಆಮೇಲೆ ಹೊಗೆಯಿಂದ ಮೊದಲು ಕೆಮ್ಮು ಬಂತು, ಹಿಂದೆಯೇ ಹೆಗಲಿಗೆ ಹೆಗಲು ಕೊಟ್ಟ ಇಬ್ಬರು ಬಂದರು. ಕಾವಲುಗಾರನ ಪಾದ ಮುರಿದಿತ್ತು, ಮೇಷ್ಟ್ರ ಎಡಗಡೆಯ ಹುಬ್ಬು ಪೂರ್ತಿ ಸುಟ್ಟುಹೋಗಿತ್ತು. 'ಪುಕ್ಕಲು' ಎಂಬ ಆ ಹೆಸರನ್ನು ಕಚೇರಿಯಲ್ಲಿ ಯಾರೂ ಮತ್ತೆ ಆಡಲಿಲ್ಲ.

ಮೇಷ್ಟ್ರು ಹೇಳಿದಂತೆಯೇ ಬೆಂಕಿ ಮಂಜಿನ ಮಗ್ಗುಲಿನಲ್ಲಿ ಮೂರು ದಿನ ಕೂತಿತು. ಅರವತ್ತಮೂರು ಮರಗಳಲ್ಲಿ ಉಳಿದವು ಹತ್ತೊಂಬತ್ತು. ಆ ನಂತರದ ವರ್ಷಗಳಲ್ಲಿ ಶಂಕು ಬಿಟ್ಟವೆಲ್ಲ ಗಂಡು. ಮಿಕ್ಕವು ಎಳೆಯವು, ಶಂಕು ಬರುವವರೆಗೆ ಗಂಡೋ ಹೆಣ್ಣೋ ಹೇಳುವಂತಿಲ್ಲ. ಎದುರು ಮಗ್ಗುಲಿನ ಸಸಿಗಳನ್ನೇ ತಂದು ನೆಟ್ಟರಾಯಿತೆಂದು ಮೇಲಧಿಕಾರಿಗಳು ಸೂಚಿಸಿದಾಗ, ಎಂದೂ ದನಿ ಏರಿಸದ ಮೇಷ್ಟ್ರು ಮೇಜು ಗುದ್ದಿ ಎದ್ದರಂತೆ: "ಅವು ಬಿಸಿಲಿಗೆ ಹುಟ್ಟಿದವು. ಇಲ್ಲಿ ಬದುಕಲ್ಲ. ಬದುಕಿದ್ರೆ ಇನ್ನೂ ಕಷ್ಟ, ಇಲ್ಲಿದ್ದ ಜಾತಿಯೂ ಅವುಗಳ ಜೊತೆ ಬೆರೆತು ಕರಗಿಹೋಗುತ್ತೆ."

ಹೀಗೆ ಒಂಬತ್ತು ವರ್ಷ. ಪ್ರತಿ ವರ್ಷವೂ ಅವರು ಗಂಡು ಶಂಕುಗಳ ಪರಾಗವನ್ನು ಒಣಗಿಸಿ, ಸೀಸೆಗೆ ತುಂಬಿ, ಶೀತಪೆಟ್ಟಿಗೆಯಲ್ಲಿಟ್ಟರು. ಕರೆಂಟು ಹೋದರೆ ಎಲ್ಲಿದ್ದರೂ ಎದ್ದು ಬರುತ್ತಿದ್ದರು. ಒಂದು ಮಧ್ಯಾಹ್ನ ಕಾವಲುಗಾರ ಕುಂಟುತ್ತಲೇ ಓಡಿಬಂದು, ಬಾಗಿಲ ಚೌಕಟ್ಟು ಹಿಡಿದು, "ಸಾರ್, ಹೆಣ್ಣು ಶಂಕು!" ಎಂದಾಗ ಮೇಷ್ಟ್ರು ಎದ್ದು ಹೋಗಿ ಶೀತಪೆಟ್ಟಿಗೆಯ ಸೀಸೆಗಳನ್ನು ಎಣಿಸತೊಡಗಿದರು. ಸಂತೋಷಪಡಲಿಕ್ಕೂ ಅವರಿಗೆ ಹೆದರಿಕೆ. ಆ ವರ್ಷದ ಬಿಸಿಲಿಗೆ ಗಂಡು ಶಂಕುಗಳು ಮೂರು ವಾರ ಮೊದಲೇ ಬಲಿತು ಪರಾಗ ಉದುರಿಸಿಯಾಗಿತ್ತು. ಶೀತಪೆಟ್ಟಿಗೆಯ ಸೀಸೆಯೇ ಗತಿಯಾಯಿತು. ಏಣಿಯ ಮೇಲೆ ನಿಂತು ಅವರೇ ಪರಾಗ ಊದಿದರು. ಹನ್ನೊಂದು ಬೀಜ ಮೊಳೆತವು.

ಆ ಹನ್ನೊಂದನ್ನೂ ಈಗ ಮಗ್ಗುಲಿನ ತುದಿಯ ಹತ್ತಿರ, ಮಂಜು ಇನ್ನೂ ತಂಗುವ ಎತ್ತರದಲ್ಲಿ ನೆಟ್ಟಿದೆ. ಮಂಜಿನ ದಿನಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ನಿವೃತ್ತಿಯ ಬೀಳ್ಕೊಡುಗೆಯ ದಿನ ಕಚೇರಿಯ ಬೀಗದ ಕೈಗಳನ್ನು ಶಿಷ್ಯೆಗೆ ಒಪ್ಪಿಸುತ್ತ ಮೇಷ್ಟ್ರು, "ಲಕ್ಷಾಂತರ ವರ್ಷ ತಗೊಂಡು ಕಲಿತದ್ದನ್ನ ಮರೆತು ಇಪ್ಪತ್ತು ವರ್ಷದಲ್ಲಿ ಬೇರೆ ಕಲಿ ಅಂತ ಗಿಡಕ್ಕೆ ಹೇಳ್ತಿದ್ದೀವಲ್ಲಮ್ಮ," ಎಂದರು. ಅವಳು ಕೀಲಿಗೊಂಚಲನ್ನು ಬಿಗಿಯಾಗಿ ಹಿಡಿದು ನಿಂತಳು. "ಸೋಮವಾರ ಬರ್ತೀನಿ. ನೀರಿನ ಕ್ಯಾನು ಎರಡು ಹೆಚ್ಚಿಗೆ ಇಡಿಸು," ಎಂದು ಅವರೇ ಮಾತು ಮುಗಿಸಿದರು.

ಆ ಸಸಿಗಳು ಗಂಡೋ ಹೆಣ್ಣೋ ತಿಳಿಯಲು ಇನ್ನೂ ಹದಿನೈದು ವರ್ಷ ಬೇಕು. ಅಂದು ಮೇಷ್ಟ್ರಿಗೆ ಎಪ್ಪತ್ತೈದು ತುಂಬಿರುತ್ತದೆ. ಅವರ ಕಾಲುಗಳಿಗೆ ಅಲ್ಲಿಯವರೆಗೂ ಆ ಏರು ಹತ್ತುವ ಕಸುವು ಇರಲಿ, ಕಣ್ಣುಗಳಿಗೆ ಮೊದಲ ಶಂಕುವನ್ನು ಗುರುತಿಸುವ ಹೊಳಪು ಇರಲಿ. ಇದು ಕೇವಲ ಅವರಿಗಾಗಿ ಕೋರುವ ಆಯಸ್ಸಲ್ಲ. ಅಷ್ಟು ವರ್ಷ ಅವರಿಲ್ಲದೆ ಕಾಯುವುದೆಂದರೆ ನಮಗೆ ಭಯ.