ಗೌರಿಯನ್ನು ಅಳಿಸಬೇಕು

‘ಗೌರಿ ಸತ್ತಿದ್ದಾಳೆ. ಎಲ್ಲರೂ ಇಂದೇ ತಮ್ಮ ಕಂಪ್ಯೂಟರ್‌ನಿಂದ ಗೌರಿಯನ್ನು ಅಳಿಸಬೇಕು.’

ಆಯುಧಪೂಜೆಯ ಹಿಂದಿನ ದಿನ ನಮ್ಮ ಫ್ಯಾಕ್ಟರಿಯ ನೋಟಿಸ್ ಬೋರ್ಡಿಗೆ ನಾನೇ ಬರೆದು ಅಂಟಿಸಿದ ಚೀಟಿ ಇದು. ಗಾಬರಿಯಾಗಬೇಡಿ. ಗೌರಿ ನಮ್ಮ ಮೇಲ್ ಸರ್ವರ್. (ಈ ಅಂಕಣ ವಾರಕ್ಕೊಂದು ದಿನದ ಚಟ, ಹೊಟ್ಟೆಪಾಡಿಗೆ ನಾನು ಹಾರೋಹಳ್ಳಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳೋನು ಅಂತ ನಿಮಗೆ ಗೊತ್ತೇ ಇದೆ.)

ಆರು ವರ್ಷ ಕಂಪನಿಯ ಪತ್ರಗಳನ್ನೆಲ್ಲ ಹೊತ್ತ ಗೌರಿ, ಒಂದು ಮಧ್ಯಾಹ್ನ ಕರೆಂಟ್ ಹೋಗಿ ಬಂದ ಮೇಲೆ ಏಳಲೇ ಇಲ್ಲ. ಹೊಸ ಸರ್ವರ್ ಬಂತು. ಆದರೂ ಮೇಲ್‌ಗಳು ಅರ್ಧ ದಾರಿಯಲ್ಲೇ ನಿಲ್ಲುತ್ತಿದ್ದವು. ಯಾಕೆ? ನೆಟ್‌ವರ್ಕಿನ ದಾಖಲೆಗಳಲ್ಲಿ ಗೌರಿಯ ಹೆಸರು ಹಾಗೇ ಉಳಿದಿತ್ತು. ತಾತ ತೀರಿಕೊಂಡು ಎಷ್ಟು ವರ್ಷವಾದರೂ ಪಹಣಿಯಲ್ಲಿ ಅವನ ಹೆಸರೇ ಇರುತ್ತಲ್ಲ, ಹಾಗೆ. ಉಳಿದ ಕಂಪ್ಯೂಟರ್‌ಗಳು, ಪಾಪ, ಅವಳನ್ನೇ ಹುಡುಕಿಕೊಂಡು ಹೋಗುತ್ತಿದ್ದವು.

ಮಿಷನ್ನಿಗೆ ಗೌರಿ ಅಂತ ಹೆಸರಿಟ್ಟವರು ಯಾರು? ಡಿಸ್ಪ್ಯಾಚ್ ಕ್ಲರ್ಕ್ ಚಿಕ್ಕಣ್ಣ, ಉಯ್ಯಂಬಳ್ಳಿಯವನು. ಸರ್ವರ್ ಬಂದ ವಾರ ನಾನು ಊಟಕ್ಕೆ ಹೋಗಿದ್ದಾಗ ಬೆಂಗಳೂರಿನ ಇಂಜಿನಿಯರ್ ಫೋನ್ ಮಾಡಿ, ‘ಹೊಸದಕ್ಕೆ ಏನ್ರೀ ಹೆಸರು?’ ಅಂತ ಕೇಳಿದ್ದಾನೆ. ಚಿಕ್ಕಣ್ಣನ ಮನೆಯಲ್ಲಿ ಮಗಳು ಹುಟ್ಟಿ ಒಂಬತ್ತು ದಿನ. ಸುದ್ದಿ ಬೆಂಗಳೂರಿನವರೆಗೂ ಹೋಗಿದೆಯಲ್ಲ ಅಂತ ಹಿಗ್ಗಿ, ‘ಗೌರಿ ಸಾರ್!’ ಅಂದುಬಿಟ್ಟ. ಮಗುವಿಗಿಂತ ಮೊದಲು ಮಿಷನ್ನಿಗೆ ನಾಮಕರಣ ಆಯಿತು.

ನನ್ನ ನೋಟಿಸ್ ಅಂಟಿದ ಅರ್ಧ ಗಂಟೆಗೇ ಚಿಕ್ಕಣ್ಣ ಬಂದ. ಕೈಯಲ್ಲಿ ಅದೇ ಚೀಟಿ, ನಾಲ್ಕು ಮಡಿಕೆ ಮಾಡಿ ಹಿಡಿದಿದ್ದ.

‘ಬೈಬೇಡಿ ಸಾರ್, ಕಿತ್ಕಂಡ್ ಬಂದ್ಬುಟ್ಟೆ. ನಾಳೆ ಪೂಜೆಗೆ ಮಗಳು ಬತ್ತಾಳೆ. ಒಂದ್ನೇ ಕ್ಲಾಸು. ಸಿಕ್ಕಿದ್ದನ್ನೆಲ್ಲ ಓದ್ತಾಳೆ.’

ಪ್ರತಿ ವರ್ಷ ಅವನು ಆ ಮಗುವನ್ನು ಎತ್ತಿಕೊಂಡು ಬಂದು, ‘ನೋಡವ್ವ, ನಿನ್ನೆಸ್ರಿನ ಮಿಷನ್ನು’ ಅಂತ ತೋರಿಸಿ, ಸರ್ವರ್‌ಗೆ ಕುಂಕುಮ ಇಡಿಸುತ್ತಿದ್ದದ್ದು ನೆನಪಾಯಿತು.

‘ಸತ್ತಿದ್ದಾಳೆ ಅಂತ ಓದೋದು ಬ್ಯಾಡ ಸಾರ್. ಅಳ್ಸೋದು ಅಂದ್ರೂ ಅದ್ಕೆ ಗೊತ್ತಿರೋ ಅರ್ಥ ಒಂದೇಯ.’

ಹೌದಲ್ಲ! ಅಳಿಸು ಅಂದರೆ ಇಲ್ಲದಂತೆ ಮಾಡು ಅನ್ನೋದಷ್ಟೇ ನನ್ನ ತಲೆಯಲ್ಲಿತ್ತು. ಅಳುವಂತೆ ಮಾಡು ಅನ್ನೋದು ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಕನ್ನಡ ಬರೆದು ನಾನು ಕಡಿದು ಕಟ್ಟೆ ಹಾಕಿದ್ದು ಇಷ್ಟೇನಾ? ನನಗೇ ನಾಚಿಕೆಯಾಯಿತು.

‘ಮತ್ತೇನು ಬರೀಲಿ ಚಿಕ್ಕಣ್ಣ?’

‘ಹಬ್ಬದಾಗೆ ಗೌರಮ್ಮನ್ನ ನೀರಿಗೆ ಬಿಡೋವಾಗ ಮುಳುಗ್ಸುದ್ವಿ ಅಂತೀವಾ? ಕಳಿಸ್ಕೊಟ್ವಿ ಅಂತೀವಿ. ಅಂಗೇ ಬರೀರಿ.’

ಬರೆದೆ. ಆಮೇಲೆ ಇಬ್ಬರೂ ಕೂತೆವು. ಹೆಸರು ಇದ್ದ ಜಾಗವನ್ನೆಲ್ಲ ಒಂದೊಂದಾಗಿ ಹುಡುಕಿ ತೆಗೆಯುತ್ತಾ ಹೋದೆ. ಕೊನೆಯದಕ್ಕೆ ಬಂದಾಗ ಸ್ಕ್ರೀನ್ ಎಂದಿನಂತೆ ಕೇಳಿತು, ನಿಜವಾಗಿಯೂ ತೆಗೆಯಬೇಕಾ ಅಂತ. ನನ್ನ ಬೆರಳು ಯಾಕೋ ಮುಂದೆ ಹೋಗಲಿಲ್ಲ. ಚಿಕ್ಕಣ್ಣನೇ ಒತ್ತಿದ. ‘ಹೋಗಿ ಬಾರವ್ವ’ ಅಂದ. (ಕಬ್ಬಿಣದ ಡಬ್ಬಕ್ಕೆ ಬೀಳ್ಕೊಡುಗೆಯಾ ಅಂತ ನಗುವವರು ನಗಲಿ.) ಅಷ್ಟರಲ್ಲಿ ನಿಂತಿದ್ದ ಮೇಲ್‌ಗಳು ಸರಸರ ಹೊರಟವು.

ಮರುದಿನ ಗೌರಿ ಬಂದಳು, ಹಸಿರು ಲಂಗ, ಎರಡು ಜಡೆ. ನೋಟಿಸ್ ಬೋರ್ಡಿನ ಮುಂದೆ ನಿಂತು ಅಕ್ಷರ ಕೂಡಿಸಿ ಕೂಡಿಸಿ ಓದಿದಳು: ‘ಗೌರಿಯನ್ನು ಕಳಿಸಿಕೊಟ್ಟಿದ್ದೇವೆ.’ ಅಪ್ಪನ ಮುಖ ನೋಡಬೇಕಿತ್ತು ನೀವು, ಮಗಳ ರಿಸಲ್ಟ್ ಓದುತ್ತಿದ್ದಾರೇನೋ ಅನ್ನುವಂತಿತ್ತು. ಅವಳು ಅಳಲಿಲ್ಲ. ಒಳಗೆ ಬಂದು ಹೊಸ ಸರ್ವರ್ ನೋಡಿ, ‘ಮಾಮ, ಇದ್ರ ಹೆಸ್ರೇನು?’ ಅಂದಳು.

ಹೆಡ್ ಆಫೀಸಿನವರು ಇಟ್ಟಿದ್ದು ಬರೀ ನಂಬರು. ‘ಕರೆಯೋ ಹೆಸರು ಇನ್ನೂ ಇಟ್ಟಿಲ್ಲ ಪುಟ್ಟಿ, ನೀನೇ ಇಡು’ ಅಂದೆ.

ಒಂದು ಕ್ಷಣವೂ ಯೋಚಿಸಲಿಲ್ಲ. ‘ಅಪ್ಪಂದು.’

ಚಿಕ್ಕಣ್ಣ ಕಿಟಕಿಯ ಕಡೆ ತಿರುಗಿ ನಿಂತ. ಕಾಗದದಲ್ಲಿ ‘ಚಿಕ್ಕಣ್ಣ’ ಅಂತ ಬರೆದು ಮಿಷನ್ನಿಗೆ ಅಂಟಿಸಿದೆ, ಅವಳು ಕುಂಕುಮ ಇಟ್ಟಳು.

ಎಲ್ಲ ಸರಿ. ಆದರೆ ಈ ಸರ್ವರ್ರೂ ಒಂದು ದಿನ ಏಳದೇ ಹೋದರೆ, ಅಷ್ಟು ಹೊತ್ತಿಗೆ ಎಲ್ಲ ಪದದ ಎಲ್ಲ ಅರ್ಥವೂ ಕಲಿತಿರೋ ಆ ಹುಡುಗಿ ಓದುವಂಥ ನೋಟಿಸ್ ನಾನು ಏನಂತ ಬರೀಲಿ?