ನಿಸರ್ಗ ಶಿಬಿರಕ್ಕೆ ಬೇಡವಾದ ಕುರಿ

ಕಳೆದ ವಾರ ನನ್ನ ಮಗಳು ನಿಸರ್ಗ ಶಿಬಿರದಿಂದ ಸರ್ಟಿಫಿಕೇಟ್ ಇಲ್ಲದೆ ಮನೆಗೆ ಬಂದಳು.

ಮಿಕ್ಕ ಮಕ್ಕಳಿಗೆಲ್ಲ ಸಿಕ್ಕಿದೆ. ಇವಳ ಕೈಯಲ್ಲಿ ಮಾತ್ರ ಒಂದು ಚೀಟಿ. ‘ಶಿಬಿರದ ಮೌಲ್ಯಗಳನ್ನು ಪಾಲಿಸಲಿಲ್ಲ’ ಎಂದು ಬರೆದು ಸಹಿ ಹಾಕಿದ್ದಾರೆ. ಹತ್ತು ವರ್ಷದ ಹುಡುಗಿ ಮುರಿಯುವಂಥ ಮೌಲ್ಯ ಯಾವುದಪ್ಪ ಅದು?

ಶಿಬಿರ ನಡೆದದ್ದು ಮರಾಠಿ ನಾಡಿನ ಗಡಿಯೊಳಗಿರುವ ನಮ್ಮ ಸೋನ್ಯಾಳದ ಹತ್ತಿರ, ಪರಿಚಯದ ಕಾಕಾ ಒಬ್ಬರ ಹೊಲದಲ್ಲಿ. ಮೂರು ದಿನ, ಬೆಳಿಗ್ಗೆಯಿಂದ ಸಂಜೆಯವರೆಗೆ. ನಡೆಸುವವರು ಹೊರಗಿನವರು (ಹೆಸರು ಬೇಡ, ಪುಕ್ಕಟೆ ಜಾಹೀರಾತು ಆದೀತು). ಹೊಲದ ಬಾಯಲ್ಲಿ ದೊಡ್ಡ ಫ್ಲೆಕ್ಸ್ ಕಟ್ಟಿದ್ದರು. ಅದರ ಮೇಲೆ ಆರು ಮೌಲ್ಯಗಳು. ನಿಸರ್ಗವೇ ಗುರು. ಸಕಲ ಜೀವಿಗಳಲ್ಲಿ ದಯೆ. ಸ್ಥಳೀಯರಿಂದ ಕಲಿಕೆ. ಮಣ್ಣಿನ ಸ್ಪರ್ಶ. ಮೌನ. ಶಿಸ್ತು. ಓದಿ ನನಗೆ ಖುಷಿಯೇ ಆಗಿತ್ತು. ಮೊಬೈಲ್ ಬಿಟ್ಟು ಮಗಳು ಮೂರು ದಿನ ಮಣ್ಣಲ್ಲಿ ಆಡುತ್ತಾಳೆ, ಇದಕ್ಕಿಂತ ಇನ್ನೇನು ಬೇಕು?

ಅದೇ ಹೊಲದ ಮೂಲೆಯಲ್ಲಿ, ಬೇವಿನ ಮರದ ಕೆಳಗೆ, ಮಾಯವ್ವನ ಕುರಿಹಟ್ಟಿ ಇತ್ತು.

ನಮ್ಮ ಕಡೆ ಹೊಲದಲ್ಲಿ ಕುರಿ ನಿಲ್ಲಿಸುವುದು ನಿಮಗೆ ಗೊತ್ತೇ ಇದೆ. ಹೊಲದವರೇ ಕುರಿಯವರನ್ನು ಕರೆಯುತ್ತಾರೆ, ಜೋಳ ಕೊಡುತ್ತಾರೆ, ಇಷ್ಟು ದಿನ ಎಂದು ಮಾತಾಗುತ್ತದೆ. ಹಿಂಡು ಅಲ್ಲೇ ತಂಗುತ್ತದೆ. ಹಿಕ್ಕೆ, ಗಂಜಳ ಬಿದ್ದ ನೆಲ ಮುಂದಿನ ಬೆಳೆಗೆ ಹದವಾಗುತ್ತದೆ. ಕಾಕಾ ಮಾಯವ್ವನಿಗೆ ಒಂದು ವಾರದ ಮಾತು ಕೊಟ್ಟಿದ್ದರು. ಹಗಲು ಅವಳ ಗಂಡ ಹಿಂಡು ಮೇಯಿಸಲು ಹೋದರೆ, ಎರಡು ಮರಿಗಳನ್ನೂ ದಿನ ತುಂಬಿದ ಒಂದು ಕುರಿಯನ್ನೂ ನೋಡಿಕೊಂಡು ಮಾಯವ್ವ ಹಟ್ಟಿಯಲ್ಲೇ ಇರುತ್ತಿದ್ದಳು.

ಮೊದಲ ದಿನ ಮಕ್ಕಳ ಕೈಗೆ ಭೂತಗನ್ನಡಿ ಕೊಟ್ಟು ‘ಮಣ್ಣಿನ ಜೀವ ಹುಡುಕಿ’ ಎಂದರಂತೆ. ಹುಳು, ಜೀರುಂಡೆ, ಏನೇನೋ ಸಿಕ್ಕವು. ಎಷ್ಟು ಜೀವಂತ ಮಣ್ಣು ನೋಡಿ ಎಂದು ಶಿಬಿರದ ಸರ್ ಮರಾಠಿಯಲ್ಲಿ ಅರ್ಧ ತಾಸು ಹೇಳಿದರಂತೆ. ಆ ಮಣ್ಣಿಗೆ ಜೀವ ಎಲ್ಲಿಂದ ಬಂತು ಅಂತ ಹೇಳಲಿಲ್ಲ. ಇಪ್ಪತ್ತು ಹೆಜ್ಜೆ ದೂರದಲ್ಲಿ ಮಾಯವ್ವ ಕೂತಿದ್ದಳು. ಅವಳನ್ನು ಕರೆದು ಕೇಳಲೂ ಇಲ್ಲ.

ಎರಡನೆಯ ದಿನ ಮಧ್ಯಾಹ್ನ ಅವಳನ್ನು ಹೊಲದಿಂದ ಎಬ್ಬಿಸಿದರು.

ವಾಸನೆ, ನೊಣ, ಪಾಲಕರು ಬರುವವರಿದ್ದಾರೆ, ಫೋಟೋ ತೆಗೆಯುವುದಿದೆ. ಸರ್ ಹೇಳಿದರು, ಕಾಕಾ ಕೊಟ್ಟ ಮಾತು ನುಂಗಿದರು. ಮಾಯವ್ವ ತುಂಬಿದ ಕುರಿಯನ್ನು ತೋರಿಸಿ ಕೇಳಿಕೊಂಡಳಂತೆ. “ಇದು ಇವತ್ತ ಈಯತೈತ್ರಿ. ಹೊತ್ತು ಮುಣುಗೂತನಾ ಬಿಡ್ರಿ, ಆಮ್ಯಾಲ ನಾನೇ ಹೋಗ್ತೀನಿ.”

ಬಿಡಲಿಲ್ಲ.

ಆ ಹೊತ್ತಿಗೆ ಮಕ್ಕಳು ಏನು ಮಾಡುತ್ತಿದ್ದರು ಗೊತ್ತೇ? ಕಣ್ಣು ಮುಚ್ಚಿ ವೃತ್ತವಾಗಿ ಕೂತು ‘ನಿಸರ್ಗದ ದನಿ’ ಕೇಳುತ್ತಿದ್ದರು. ನನ್ನ ಮಗಳು ಶ್ರಾವಣಿ ಕೇಳಿದ್ದು ಕುರಿ ನರಳುವ ದನಿ. ಕಣ್ಣು ಬಿಟ್ಟಳು. ಎದ್ದಳು. ಮಾಯವ್ವನ ಎರಡು ಮರಿಗಳಲ್ಲಿ ಒಂದನ್ನು ಎತ್ತಿಕೊಂಡು ಅವಳ ಹಿಂದೆ ಸೊರಡಿ ರಸ್ತೆಯವರೆಗೆ ನಡೆದಳು.

ಇದೇ ಅವಳು ಮುರಿದ ಮೌಲ್ಯ. ಮೌನ ಮತ್ತು ಶಿಸ್ತು. ಎರಡು.

ಕುರಿ ರಸ್ತೆಯ ಅಂಚಿನಲ್ಲಿ, ಜಲ್ಲಿಕಲ್ಲಿನ ಮೇಲೆ ಮರಿ ಹಾಕಿತು. ಮಾಯವ್ವ ಮರಿಯ ಮೂಗು ಒರೆಸಿದಳು, ಊದಿದಳು, ಸೆರಗಿನಿಂದ ತಿಕ್ಕಿದಳು. ಮರಿ ಏಳಲಿಲ್ಲ. ನಡೆಸಿದ್ದರಿಂದಲೇ ಸತ್ತಿತು ಎನ್ನಲು ನಾನು ದನದ ಡಾಕ್ಟರಲ್ಲ. ಆದರೆ ನಾನು ಮಾಡಗ್ಯಾಳದಲ್ಲಿ ಹುಟ್ಟಿದವಳು. ಈಯುವ ಕುರಿಯನ್ನು ಬಿಸಿಲಲ್ಲಿ ನಡೆಸಬಾರದು ಎಂದು ನಮ್ಮೂರಿನ ಕೂಸಿಗೂ ಗೊತ್ತು.

ಇದೆಲ್ಲ ಶ್ರಾವಣಿ ಹೇಳಿದ್ದು ಮೂರನೆಯ ದಿನ, ಚೀಟಿ ನನ್ನ ಕೈಗೆ ಬಂದ ಮೇಲೆ. ನೆತ್ತಿಗೆ ಬೆಂಕಿ ಹತ್ತಿತು. ಗಾಡಿ ತೆಗೆದು ಶಿಬಿರಕ್ಕೆ ಹೊರಟೆ. ದಾರಿಯಲ್ಲಿ ಹೊಸ ಹಟ್ಟಿಯ ಹತ್ತಿರ ಮಾಯವ್ವ ಸಿಕ್ಕಳು.

“ಬರ್ರಿ, ಕುಂದ್ರಿ” ಅಂದಳು. ಏನೂ ಆಗದವರ ಹಾಗೆ. “ನಿಮ್ಮ ಹುಡುಗಿ ಭಾಳ ಚಲೋ ಐತ್ರಿ. ಮರಿ ಹಿಡಿಯೂದು ಯಾರೂ ಕಲಿಸಿಲ್ಲಂತ, ಆದ್ರೂ ಸರೀ ಹಿಡಿದಿದ್ಲು.”

ಅವಳ ಹಿಂದೆ ಆ ಕುರಿ ನಿಂತಿತ್ತು. ಮರಿ ಇಲ್ಲದ ಕೆಚ್ಚಲು ಬಿಗಿದು ಕೆಂಪಾಗಿತ್ತು. ಕೂರದೆ ಗಾಡಿ ಹತ್ತಿದೆ.

ಶಿಬಿರದಲ್ಲಿ ಮಾತು ಧಾರಾಳ ಹೊರಟಿತು. ಸಕಲ ಜೀವಿಗಳಲ್ಲಿ ದಯೆ ಎಂದು ಬರೆಸಿದ್ದೀರಲ್ಲ, ಕುರಿ ಜೀವಿ ಅಲ್ಲವೇನ್ರಿ? ಸ್ಥಳೀಯರಿಂದ ಕಲಿಕೆ ಎಂದಿದ್ದೀರಲ್ಲ, ಮಾಯವ್ವ ಯಾವ ದೇಶದವಳು? ಶಿಬಿರದಲ್ಲಿ ಆ ಮೌಲ್ಯ ಪಾಲಿಸಿದವಳು ಒಬ್ಬಳೇ. ಅವಳ ಕೈಗೇ ಚೀಟಿ ಕೊಡುತ್ತೀರಾ? ಫ್ಲೆಕ್ಸ್ ಬಿಚ್ಚುತ್ತಿದ್ದ ಹುಡುಗರು ಕೆಲಸ ನಿಲ್ಲಿಸಿ ನೋಡಿದರು.

ಸರ್ ಸಿಟ್ಟಾಗಲಿಲ್ಲ. ತಣ್ಣಗೆ ಮೊಬೈಲ್ ತೆಗೆದು ಪಾಲಕರ ವಾಟ್ಸಾಪ್ ಗ್ರೂಪ್ ತೋರಿಸಿದರು. ಮೊದಲ ದಿನ ಸಂಜೆ ಯಾರೋ ತಾಯಿ ಹಾಕಿದ ಮೆಸೇಜು. ‘ಕುರಿ ವಾಸನೆ ಬಹಳ. ಮಕ್ಕಳ ಆರೋಗ್ಯದ ಗತಿ ಏನು? ದಯವಿಟ್ಟು ತೆರವುಗೊಳಿಸಿ.’ ಅದರ ಕೆಳಗೆ ಸಾಲು ಹೆಬ್ಬೆಟ್ಟುಗಳು. ಒತ್ತಿದವರ ಹೆಸರಿನ ಪಟ್ಟಿ ತೆರೆದು ಅವರು ಬೆರಳಿಟ್ಟು ತೋರಿಸಿದರು.

ಅದರಲ್ಲಿ ನನ್ನ ಹೆಸರೂ ಇತ್ತು.

ನೆನಪಾಯಿತು. ಒಲೆಯ ಮೇಲೆ ಹಾಲಿತ್ತು, ಮೆಸೇಜು ಪೂರ್ತಿ ಓದಿರಲಿಲ್ಲ. ಎಲ್ಲರೂ ಒತ್ತಿದ್ದಾರೆ, ನಾನೂ ಒತ್ತಿದೆ. (ಓದಿದ್ದರೆ ಒತ್ತುತ್ತಿರಲಿಲ್ಲ ಎಂದು ಬರೆಯಬೇಕೆಂದಿದ್ದೆ. ಅದೂ ಖಾತ್ರಿ ಇಲ್ಲ.) ಕುರಿ ಹಾಲು ಕುಡಿದು ಬೆಳೆದವಳು ನಾನು. ನನಗೆ ಯಾವಾಗಿನಿಂದ ಕುರಿ ವಾಸನೆ ಬರತೊಡಗಿತು?

ಅವತ್ತಿನಿಂದ ಆ ಸರ್ ಮೇಲಿನ ಸಿಟ್ಟು ಇಳಿದಿಲ್ಲ. ಕಾಕಾ ಮೇಲಿನದೂ ಇಳಿದಿಲ್ಲ. ನನ್ನ ಮೇಲಿನದು ದಿನಾ ಏರುತ್ತಿದೆ. ಬಾಯಿ ಬಿಟ್ಟು ಬೈಯಲು ಅವರಿಬ್ಬರಾದರೂ ಇದ್ದಾರೆ, ನನ್ನನ್ನು ಯಾರು ಬೈಯಬೇಕು?

ಮನೆಗೆ ಬಂದು ಶ್ರಾವಣಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಇಷ್ಟೇ ಕೇಳಿದಳು:

“ಅವ್ವ, ಆ ಗ್ರೂಪಿನಾಗ ಮಾಯವ್ವ ಆಯೀನ ಯಾಕ ಸೇರ್ಸಿರಲಿಲ್ಲ?”